ಮಳೆಗಾಲದ ಮಾಂಡವಿ ಎಕ್ಸ್‌ಪ್ರೆಸ್: ಯಾವ ಮಳೆ, ಯಾವ ಬೋಗಿ, ಯಾವ ಕಿಟಕಿ

ಮುಂಬೈ ಕನ್ನಡಿಗರಿಗೆ ಕೊಂಕಣ ರೈಲು ಎಂದರೆ ಮೊದಲು ನೆನಪಾಗುವುದು ಮತ್ಸ್ಯಗಂಧ. ಕುರ್ಲಾ ಟರ್ಮಿನಸ್‌ನಿಂದ ಮಧ್ಯಾಹ್ನ 3.20ಕ್ಕೆ ಹೊರಟು, ಮಲಗಿ ಏಳುವಷ್ಟರಲ್ಲಿ ಕರಾವಳಿ ಮುಟ್ಟಿಸುವ ಬಂಡಿ ಅದು. ಊರಿಗೆ ಹೋಗುವುದಕ್ಕೆ ಅದು ಸರಿ. ಆದರೆ ಕೊಂಕಣದ ಮಳೆ ನೋಡಬೇಕೆಂದೇ ಹತ್ತುವವರು ಅದನ್ನು ಆರಿಸಬಾರದು. ಚಿಪ್ಳೂಣದ ಹೊತ್ತಿಗೆ ಬೆಳಕು ಇಳಿಯುತ್ತದೆ, ಅಲ್ಲಿಂದಾಚೆಗಿನ ಸುರಂಗ, ಸೇತುವೆ, ಜಲಪಾತ ಎಲ್ಲವೂ ಕತ್ತಲಲ್ಲಿ ಹೋಗಿಬಿಡುತ್ತವೆ. ಮಳೆ ನೋಡುವುದಕ್ಕೆ ಹಗಲಿನ ರೈಲು ಬೇಕು, ಕಿಟಕಿ ತೆರೆಯುವಂತಿರಬೇಕು, ಊಟ ತಿಂಡಿ ಬಂಡಿಯಲ್ಲೇ ಬೇಯುತ್ತಿರಬೇಕು. ಈ ಮೂರೂ ಕೂಡಿಬರುವುದು ಮುಂಬೈ–ಮಡಗಾಂವ್ ಮಾಂಡವಿ ಎಕ್ಸ್‌ಪ್ರೆಸ್‌ನಲ್ಲಿ.

ಸಂಖ್ಯೆ 10103. ದಿನವೂ ಬೆಳಿಗ್ಗೆ 7.10ಕ್ಕೆ ಸಿಎಸ್‌ಎಂಟಿಯಿಂದ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಹೊರಡುತ್ತದೆ. ದಾದರ್, ಥಾಣೆ, ಪನ್ವೇಲ್‌ನಲ್ಲೂ ಹತ್ತಬಹುದು. ಬೇಸಿಗೆ, ಚಳಿಗಾಲದಲ್ಲಿ ಮಡಗಾಂವಿಗೆ ಸುಮಾರು 12 ಗಂಟೆಯ ದಾರಿ. ಮಳೆಗಾಲದ ವೇಳಾಪಟ್ಟಿ ಜಾರಿಗೆ ಬಂದಮೇಲೆ ಅದಕ್ಕೆ ಸುಮಾರು ಎರಡು ಗಂಟೆ ಕೂಡಿಸಿಕೊಳ್ಳಿ. ಈ ವೇಳಾಪಟ್ಟಿ ಹಲವು ವರ್ಷ ಜೂನ್ 10ರಿಂದ ಅಕ್ಟೋಬರ್ 31ರವರೆಗೆ ಇರುತ್ತಿತ್ತು. 2025ರಲ್ಲಿ ಅದನ್ನು ಜೂನ್ 15ರಿಂದ ಅಕ್ಟೋಬರ್ 20ಕ್ಕೆ ಇಳಿಸಿದರು. ಟಿಕೆಟ್ ತೆಗೆಯುವಾಗ ಕಂಡ ಸಮಯವೇ ಕೊನೆಯದು ಎಂದು ನಂಬಿ ಮಡಗಾಂವಿನಿಂದ ಮುಂದಿನ ಬಸ್ಸೋ ರೈಲೋ ಗೊತ್ತುಮಾಡಿದವರು ಸಿಕ್ಕಿಬೀಳುವುದು ಇಲ್ಲೇ. ಪ್ರಯಾಣದ ಹಿಂದಿನ ದಿನ ರೈಲುಗಳ ಓಡಾಟ ತಿಳಿಸುವ ಎನ್‌ಟಿಇಎಸ್ ಆ್ಯಪ್‌ನಲ್ಲೋ 139ಕ್ಕೆ ಕರೆ ಮಾಡಿಯೋ ಹೊಸ ಸಮಯ ನೋಡಿಕೊಳ್ಳಿ.

ನಿಧಾನವನ್ನು ದೂರುವವರು ಬಹಳ. ಅದರ ಕಾರಣ ಗೊತ್ತಿದ್ದರೆ ದೂರು ಕಡಿಮೆಯಾಗುತ್ತದೆ. ಕೊಂಕಣ ರೈಲ್ವೆ ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ, 740 ಕಿಲೋಮೀಟರಿನಷ್ಟು. 1998ರ ಜನವರಿ 26ರಂದು ಪೂರ್ತಿ ದಾರಿ ತೆರೆಯಿತು. ಸೇತುವೆ ಸುರಂಗ ಬಿಟ್ಟರೆ ಉಳಿದದ್ದರಲ್ಲಿ ಬಹಳಷ್ಟು ಕಡೆ ಗುಡ್ಡ ಕಡಿದು ಮಾಡಿದ ಓಣಿ. ಮೇಲೆ ಮುರಕಲ್ಲು, ಅದರಡಿ ಶೇಡಿ ಮಣ್ಣು. ದಕ್ಷಿಣ ಕನ್ನಡದಲ್ಲಿ ಬಾವಿ ತೋಡಿಸಿದವರಿಗೆ ಈ ಜೋಡಿಯ ಗುಣ ಹೇಳಿಕೊಡಬೇಕಾಗಿಲ್ಲ: ಒಣಗಿದ್ದಾಗ ಗೋಡೆಯ ಹಾಗೆ ನಿಲ್ಲುತ್ತದೆ, ನೀರು ಕುಡಿದರೆ ಬೆಣ್ಣೆಯ ಹಾಗೆ ಜಾರುತ್ತದೆ. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬೈಗೆ ಬರುತ್ತಿದ್ದ ವಿಶೇಷ ರೈಲು ವೈಭವವಾಡಿಯ ಬಳಿ ಹಳಿ ತಪ್ಪಿ ಹತ್ತಾರು ಜನ ಸತ್ತರು. ಒಂದು ವರ್ಷವೂ ತುಂಬಿರಲಿಲ್ಲ, 2004ರ ಜೂನ್ 16ರ ಬೆಳಿಗ್ಗೆ ಮಂಗಳೂರಿನಿಂದ ಬರುತ್ತಿದ್ದ ಮತ್ಸ್ಯಗಂಧ ಕರಂಜಾಡಿಯ ಬಳಿ ಹಳಿಯ ಮೇಲೆ ಬಿದ್ದಿದ್ದ ಬಂಡೆಗೆ ಬಡಿದು ಸೇತುವೆಯಿಂದ ಉರುಳಿತು. ಮುಂಬೈಯ ನಮ್ಮ ಜನರಲ್ಲಿ ಆ ಎರಡು ಅಪಘಾತಗಳನ್ನು ಮರೆತವರು ಕಡಿಮೆ.

ಇಂದು ಮಳೆಗಾಲದಲ್ಲಿ ಬಂಡಿ ನಿಧಾನ ಹೋಗುವುದು ಆ ಪಾಠದಿಂದ. ಬೇರೆ ಕಾಲದಲ್ಲಿ 120 ಕಿಲೋಮೀಟರ್ ವೇಗದಲ್ಲಿ ಓಡಬಲ್ಲ ಹಳಿಯ ಮೇಲೆ ಮಳೆಗಾಲದಲ್ಲಿ, ಅಪಾಯದ ಭಾಗಗಳಲ್ಲಿ, 75ರ ಮಿತಿ. ಮುಂದಿನ ದಾರಿ ಕಾಣದಷ್ಟು ಮಳೆ ಸುರಿದರೆ 40. ಅಷ್ಟು ವೇಗದಲ್ಲಾದರೆ ತಿರುವಿನಾಚೆ ಬಂಡೆ ಕಂಡಾಗ ಚಾಲಕನಿಗೆ ನಿಲ್ಲಿಸುವುದಕ್ಕೆ ಜಾಗ ಉಳಿಯುತ್ತದೆ. ಕಿಟಕಿಯಿಂದ ನೋಡುತ್ತಿದ್ದರೆ ಗುಡ್ಡದ ಮೈಗೆ ಹೊದಿಸಿದ ಉಕ್ಕಿನ ಬಲೆ, ಮೆಟ್ಟಿಲು ಮೆಟ್ಟಿಲಾಗಿ ಕಡಿದ ಇಳಿಜಾರು, ಮಣ್ಣು ಹಿಡಿಯಲೆಂದು ನೆಟ್ಟ ಲಾವಂಚ, ರೇನ್‌ಕೋಟ್ ತೊಟ್ಟು ಬ್ಯಾಟರಿ ಹಿಡಿದು ಹಳಿಯುದ್ದಕ್ಕೂ ನಡೆಯುವ ಕಾವಲುಗಾರ ಎಲ್ಲ ಕಾಣುತ್ತಾರೆ. ಆ ಕಾವಲುಗಾರ ಹಗಲೂ ರಾತ್ರಿಯೂ ನಡೆಯುತ್ತಾನೆ. ಈ ಸೇವೆಯ ಬಗ್ಗೆ ಬರೆಯುವಾಗ ಮೊದಲ ಮೆಚ್ಚುಗೆ ಅವನಿಗೆ ಸಲ್ಲಬೇಕು.

ಈಗ ಬೋಗಿ. ನಮ್ಮ ಆಯ್ಕೆ ಸ್ಲೀಪರ್, ಅದರಲ್ಲಿ ಅನುಮಾನವಿಲ್ಲ. ಎಸಿ ಬೋಗಿಯ ಕಿಟಕಿ ತೆರೆಯುವುದಿಲ್ಲ, ಗಾಜಿಗೆ ಬಣ್ಣವಿದೆ, ಹೊರಗೆ ಹನಿ ಕಟ್ಟಿ ಹಸಿರೆಲ್ಲ ಕಲಸಿದಂತೆ ಕಾಣುತ್ತದೆ. ಒಳಗಿನ ತಂಪಿನಿಂದ ಬಾಗಿಲ ಬಳಿಗೆ ಬಂದ ಕೂಡಲೇ ಕ್ಯಾಮೆರಾದ ಗಾಜು ಮಂಜಾಗುತ್ತದೆ, ಒರೆಸಿದಷ್ಟೂ ಮತ್ತೆ ಮಂಜಾಗುತ್ತದೆ. ಹೊರಗಿನ ಗಾಳಿಗೆ ಹೊಂದಿಕೊಳ್ಳಲು ಹತ್ತು ನಿಮಿಷವಾದರೂ ಬೇಕು, ಅಷ್ಟರಲ್ಲಿ ನೋಡಬೇಕಾದದ್ದು ಹಿಂದೆ ಸರಿದಿರುತ್ತದೆ. ಸ್ಲೀಪರ್‌ನಲ್ಲಿ ಕಿಟಕಿ ಎತ್ತಿದರೆ ಒದ್ದೆ ಮಣ್ಣಿನ ವಾಸನೆಯೂ ನೀರಿನ ಸದ್ದೂ ಒಳಗೆ ಬರುತ್ತವೆ. ಈ ಪ್ರಯಾಣದಲ್ಲಿ ಅರ್ಧ ಪಾಲು ಅದೇ.

ಸೀಟು ಹೇಗೆ ಆರಿಸುವುದು? ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಸ್ಲೀಪರ್ ಬೋಗಿಯಲ್ಲಿ 80 ಬರ್ತ್, ಎಂಟೆಂಟರ ಹತ್ತು ಗುಂಪು. ಪ್ರತಿ ಗುಂಪಿನಲ್ಲಿ ಒಂದನೆಯದೂ ನಾಲ್ಕನೆಯದೂ ಕೆಳಗಿನ ಬರ್ತ್, ಏಳನೆಯದು ಪಕ್ಕದ ಕೆಳಗಿನದು. ಅಂದರೆ 1, 4, 9, 12, 17, 20 ಹೀಗೆ ಹೋಗುವ ಸಂಖ್ಯೆಗಳಿಗೆ ಹಗಲಿನಲ್ಲಿ ಕಿಟಕಿ. 7, 15, 23, 31 ಪಕ್ಕದ ಕಿಟಕಿಗಳು. ಒಬ್ಬರೇ ಅಥವಾ ಇಬ್ಬರೇ ಹೋಗುವುದಾದರೆ ಪಕ್ಕದ ಕೆಳಗಿನದೇ ಉತ್ತಮ: ಹಗಲಲ್ಲಿ ಎದುರುಬದುರು ಎರಡು ಕುರ್ಚಿಯಾಗುತ್ತದೆ, ಎರಡೂ ಕಿಟಕಿಗೆ ಅಂಟಿಕೊಂಡಿವೆ, ತಲೆ ತಿರುಗಿಸಿದರೆ ಆಚೆ ಬದಿಯೂ ಕಾಣುತ್ತದೆ. ಕೆಳಗಿನ ಉದ್ದ ಸೀಟಿನಲ್ಲಿ ಹಗಲು ಮೂವರು ಕೂರುವುದರಿಂದ ಕಿಟಕಿ ಯಾರದೆಂಬ ಮಾತುಕತೆ ನಡೆಯುತ್ತಲೇ ಇರುತ್ತದೆ. ಪಕ್ಕದ ಕೆಳಗಿನ ಬರ್ತಿಗೊಂದು ತೊಡಕಿದೆ. ಆರ್‌ಎಸಿ (ಒಂದೇ ಬರ್ತಿನಲ್ಲಿ ಇಬ್ಬರು ಕೂರುವ ಟಿಕೆಟ್) ಕೊಡುವುದು ಅಲ್ಲೇ, ಹಾಗಾಗಿ ಅದು ಸುಲಭವಾಗಿ ಸಿಗುವುದಿಲ್ಲ.

ಎಡವೋ ಬಲವೋ ಎಂಬ ಪ್ರಶ್ನೆಗೆ ನೇರ ಉತ್ತರ: ಮುಂಬೈಯಿಂದ ಹೋಗುವಾಗ ಸಹ್ಯಾದ್ರಿ ಎಡಕ್ಕೆ. ಸಮುದ್ರ ಬಲಕ್ಕಿದೆ, ಆದರೆ ಮಹಾರಾಷ್ಟ್ರದ ಭಾಗದಲ್ಲಿ ಹಳಿ ಒಳನಾಡಿನಲ್ಲೇ ಹೋಗುವುದರಿಂದ ಕಡಲು ಕಾಣುವ ಆಸೆ ಬೇಡ. ಹೊಸಬರಿಗೆ ಆಗುವ ದೊಡ್ಡ ನಿರಾಸೆ ಇದೇ. ಬೋಗಿ ಯಾವ ದಿಕ್ಕಿಗೆ ಜೋಡಿಸಿದೆ ಎಂಬುದರ ಮೇಲೆ ನಿಮ್ಮ ಬರ್ತ್ ಎಡಕ್ಕೆ ಬರುತ್ತದೋ ಬಲಕ್ಕೋ ಎಂಬುದು ನಿಂತಿದೆ, ಅದನ್ನು ಟಿಕೆಟಿನಲ್ಲಿ ಕೇಳಿ ಪಡೆಯಲಾಗದು. ಬಂಡಿಯ ಹಿಂಭಾಗದ ಬೋಗಿ ಸಿಕ್ಕರೆ ಒಳ್ಳೆಯದು: ತಿರುವಿನಲ್ಲಿ ಇಂಜಿನ್‌ನಿಂದ ಹಿಡಿದು ಮುಂದಿನ ಬೋಗಿಗಳೆಲ್ಲ ಬಾಗಿ ಸುರಂಗದ ಬಾಯಿಗೆ ಹೋಗುವುದು ಅಲ್ಲಿಂದಲೇ ಕಾಣುವುದು.

ವಿಸ್ಟಾಡೋಮ್ ಚೆನ್ನಾಗಿಲ್ಲವೇ ಎಂದು ಹಲವರು ಕೇಳುತ್ತಾರೆ. ಇದೇ ದಾರಿಯ ಜನಶತಾಬ್ದಿಗೆ (12051) 2017ರಲ್ಲಿ ಗಾಜಿನ ಮಾಡಿನ ಬೋಗಿ ಜೋಡಿಸಿದರು. ತಿರುಗುವ ಕುರ್ಚಿ, ದೊಡ್ಡ ಕಿಟಕಿ, ನಲವತ್ತು ಚಿಲ್ಲರೆ ಆಸನ. ವಯಸ್ಸಾದ ಅಪ್ಪ ಅಮ್ಮನನ್ನೋ ಪುಟ್ಟ ಮಕ್ಕಳನ್ನೋ ಕರೆದೊಯ್ಯುವುದಾದರೆ ಅದೇ ಸರಿ. ಜನಶತಾಬ್ದಿ ಬೇಗ ಮುಟ್ಟುವುದರಿಂದ ಮಳೆಗಾಲದಲ್ಲೂ ಗೋವಾದ ನದಿಗಳನ್ನು ಬೆಳಕಿನಲ್ಲೇ ದಾಟುತ್ತದೆ, ಅದು ಮಾಂಡವಿಗಿಲ್ಲದ ಅನುಕೂಲ. ಆದರೆ ಸ್ಲೀಪರ್‌ನ ಹಲವು ಪಟ್ಟು ಹಣ ಕೊಟ್ಟು, ಮಳೆಯನ್ನು ಗಾಜಿನಾಚೆ ಇಟ್ಟು ನೋಡುವುದು ಮಳೆ ಹುಚ್ಚಿನವರಿಗೆ ಒಗ್ಗುವುದಿಲ್ಲ. ಬೋಗಿಯ ತುದಿಯಲ್ಲಿರುವ ದೊಡ್ಡ ಗಾಜು ಹೊರನೋಟ ಕೊಡುವುದು ಆ ತುದಿಗೆ ಬೇರೆ ಬೋಗಿಯೋ ಇಂಜಿನ್ನೋ ಇಲ್ಲದಾಗ ಮಾತ್ರ. ಇನ್ನೊಂದು ತೊಡಕು ಹೊರಡುವ ಸಮಯ, ಬೆಳಿಗ್ಗೆ 5.10. ದಾದರ್, ಥಾಣೆಯ ಸುತ್ತ ಇರುವವರಿಗೆ ಪರವಾಗಿಲ್ಲ. ವಸಯಿ, ವಿರಾರ್ ಕಡೆಯವರು ರಾತ್ರಿಯೇ ಹೊರಡಬೇಕು.

ದಾರಿಯ ವಿವರಕ್ಕೆ ಬಂದರೆ, ಥಾಣೆ ದಾಟಿದ ಮೇಲೆ ಬರುವ ಪಾರ್ಸಿಕ್ ಸುರಂಗ 1916ರದು, 1.3 ಕಿಲೋಮೀಟರ್. ಇಲ್ಲಿಂದ ದಿವಾ ದಾಟುವವರೆಗೆ ಮೊಬೈಲನ್ನು ಕಿಟಕಿಯ ಹೊರಗೆ ಚಾಚಲೇಬೇಡಿ. ಹಳಿಯ ಪಕ್ಕ ನಿಂತು ಕೋಲಿನಿಂದ ಕೈಗೆ ಹೊಡೆದು ಮೊಬೈಲ್ ಬೀಳಿಸುವ ಫಟ್ಕಾ ಕಳ್ಳರ ಕಾಟ ಉಪನಗರದ ಹಳಿಯುದ್ದಕ್ಕೂ ಇದೆ. ಪನ್ವೇಲ್, ಪೇಣ್, ರೋಹಾದವರೆಗೆ ಗದ್ದೆ, ಕಾರ್ಖಾನೆ, ದೂರದ ಗುಡ್ಡ. ಇಲ್ಲಿ ತಿಂಡಿ ಮುಗಿಸಿಕೊಳ್ಳಿ. ರೋಹಾದಿಂದ ವೀರ್‌ವರೆಗೆ ಜೋಡಿ ಹಳಿ ಇರುವುದರಿಂದ ಓಟ ಸರಾಗ. ಅದರಾಚೆ ಒಂಟಿ ಹಳಿ, ಎದುರು ಬಂಡಿಗೆ ದಾರಿ ಬಿಡಲು ಸಣ್ಣ ನಿಲ್ದಾಣಗಳ ಲೂಪ್ ಲೈನಿನಲ್ಲಿ ಕಾಯಬೇಕು. ವಂದೇ ಭಾರತ್, ತೇಜಸ್‌ನಂಥವಕ್ಕೆ ಮಾಂಡವಿ ದಾರಿ ಬಿಡುತ್ತದೆ. ಹೀಗೆ ನಿಂತಾಗ ಕಪ್ಪೆಗಳ ಸದ್ದು ಕೇಳಿ, ನಿಲ್ದಾಣದ ಹೆಂಚಿನ ಮಾಡಿನಿಂದ ಸುರಿಯುವ ನೀರು ನೋಡಿ. ಇಳಿದು ಅಡ್ಡಾಡುವುದು ಬೇಡ, ಸಿಗ್ನಲ್ ಬಿದ್ದರೆ ಬಂಡಿ ಹೇಳದೆ ಹೊರಡುತ್ತದೆ.

ಖೇಡ್‌ನ ಮೊದಲು 4 ಕಿಲೋಮೀಟರಿಗೂ ಉದ್ದದ ನಾತೂವಾಡಿ ಸುರಂಗ, ಚಿಪ್ಳೂಣದಲ್ಲಿ ವಾಶಿಷ್ಠಿ ನದಿ. 2021ರ ಜುಲೈ 22ರಂದು ಇದೇ ನದಿ ಉಕ್ಕಿ ಚಿಪ್ಳೂಣ ಪೇಟೆಯನ್ನು ಮುಳುಗಿಸಿತು, ರೈಲುಗಳು ಅಲ್ಲಲ್ಲೇ ನಿಂತವು. ಸಾವಿತ್ರಿ ಮತ್ತು ವಾಶಿಷ್ಠಿ ಸೇತುವೆಗಳಲ್ಲಿ ನೀರು ಏರಿದ್ದನ್ನು ತಿಳಿಸುವ ಸಾಧನವಿದೆ, ಮಟ್ಟ ದಾಟಿದರೆ ಬಂಡಿ ತಡೆಯುತ್ತಾರೆ. ಚಿಪ್ಳೂಣದಿಂದ ರತ್ನಾಗಿರಿವರೆಗಿನ ತುಂಡೇ ಇಡೀ ದಾರಿಯ ಜೀವ. ಸಾವರ್ಡೆ, ಆರವಲಿ, ಸಂಗಮೇಶ್ವರ, ಉಕ್ಷಿ, ಭೋಕೆ: ಒಂದು ಸುರಂಗದಿಂದ ಹೊರಬಂದರೆ ಕಣಿವೆ, ಕಣಿವೆ ದಾಟಿದರೆ ಮತ್ತೊಂದು ಸುರಂಗ. ಈ ಹೊತ್ತಿನಲ್ಲಿ ಮಲಗಬೇಡಿ, ಊಟವನ್ನೂ ಮೊದಲೇ ಮುಗಿಸಿ. ಉಕ್ಷಿಯ ಬಳಿ ರಾಣ್‌ಪಾಟ್ ಜಲಪಾತ ಹಳಿಗೆ ತೀರ ಹತ್ತಿರ. ಉಕ್ಷಿ ಮತ್ತು ಭೋಕೆ ನಡುವೆ 6.5 ಕಿಲೋಮೀಟರಿನ ಕರಬುಡೆ ಸುರಂಗ, ಈ ಮಾರ್ಗದ ಅತಿ ಉದ್ದದ್ದು. 75ರ ವೇಗದಲ್ಲಿ ಐದು ನಿಮಿಷಕ್ಕೂ ಹೆಚ್ಚು ಕತ್ತಲು. ಡೀಸೆಲ್ ಇಂಜಿನ್ ಇದ್ದ ಕಾಲದಲ್ಲಿ ಇಲ್ಲಿ ಕಿಟಕಿ ಮುಚ್ಚದಿದ್ದರೆ ಕಣ್ಣು ಉರಿಯುತ್ತಿತ್ತು. 2022ರಲ್ಲಿ ಇಡೀ ಮಾರ್ಗ ವಿದ್ಯುದೀಕರಣವಾದ ಮೇಲೆ ಆ ಹೊಗೆಯಿಲ್ಲ, ಈಗ ಬರುವುದು ಬಂಡೆಯ ತಣ್ಣನೆ ಗಾಳಿ ಮತ್ತು ಕಿವಿ ತುಂಬುವ ಸದ್ದು.

ರತ್ನಾಗಿರಿ ಬಿಟ್ಟ ಮೇಲೆ ನಿವಸರ್‌ಗೆ ಮೊದಲು ಪಾನ್ವಲ್ ನದಿಯ ಸೇತುವೆ. ಎತ್ತರ 64 ಮೀಟರ್, ಸುಮಾರು ಇಪ್ಪತ್ತು ಮಹಡಿ ಕಟ್ಟಡದಷ್ಟು. ಉದ್ದ 424 ಮೀಟರ್ ಮಾತ್ರ, ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ. ರತ್ನಾಗಿರಿಯಿಂದ ಹೊರಟ ಕೂಡಲೇ ಕ್ಯಾಮೆರಾ ಕೈಯಲ್ಲಿರಲಿ, ಫೋನಿನ ನಕ್ಷೆ ಮೊದಲೇ ಇಳಿಸಿಟ್ಟಿರಲಿ, ಏಕೆಂದರೆ ಗುಡ್ಡದ ಓಣಿಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಗಾಳಿಯ ವೇಗ ಅಳೆಯುವ ಯಂತ್ರ ಕೂರಿಸಿರುವ ನಾಲ್ಕು ಸೇತುವೆಗಳಲ್ಲಿ ಇದೊಂದು. ಉಳಿದವು ಗೋವಾದ ಮಾಂಡವಿ, ಜುವಾರಿ ಮತ್ತು ನಮ್ಮ ಹೊನ್ನಾವರದ ಶರಾವತಿ. ಕಣಕವಲಿ, ಕುಡಾಳ್ ದಾಟುವಾಗ ನೋಟ ಮತ್ತೆ ಮೆತ್ತಗಾಗುತ್ತದೆ: ಗದ್ದೆ, ತೋಟ, ಹೆಂಚಿನ ಮನೆ. ಮಳೆಗಾಲದ ವೇಳಾಪಟ್ಟಿಯಲ್ಲಿ ಗೋವಾ ತಲುಪುವುದು ಕತ್ತಲಾದ ಮೇಲೆ, ಮಾಂಡವಿ ನದಿಯನ್ನೇ ಮಾಂಡವಿ ಎಕ್ಸ್‌ಪ್ರೆಸ್‌ನಿಂದ ನೋಡಲಾಗದು. ಅದಕ್ಕೆ ಉಪಾಯ, ಹೋಗುವಾಗ ಅಲ್ಲದೆ ಬರುವಾಗಲೂ ಇದೇ ಬಂಡಿ ಹಿಡಿಯುವುದು. 10104 ಬೆಳಿಗ್ಗೆ ಮಡಗಾಂವ್ ಬಿಡುವುದರಿಂದ ಜುವಾರಿ, ಮಾಂಡವಿ, ತೇರೆಖೋಲ್ ಮೂರೂ ನದಿ ಹೊಸ ಬೆಳಕಿನಲ್ಲಿ ಸಿಗುತ್ತವೆ.

ಊಟ ತಿಂಡಿಗೆ ಮಾಂಡವಿಯ ಹೆಸರು ದೊಡ್ಡದು. ರೈಲು ಪ್ರೇಮಿಗಳು ಇದನ್ನು ಕೊಂಕಣದ ಫುಡ್ ಕ್ವೀನ್ ಎಂದೇ ಕರೆಯುತ್ತಾರೆ. ಪ್ಯಾಂಟ್ರಿ ಬೋಗಿಯಲ್ಲಿ ಬೆಳಿಗ್ಗೆಯಿಂದ ಬಾಣಲೆ ಇಳಿಯುವುದಿಲ್ಲ: ಆಮ್ಲೆಟ್ ಬ್ರೆಡ್, ಕಟ್ಲೆಟ್, ಸಮೋಸ, ಬಟಾಟೆ ವಡಾ, ಈರುಳ್ಳಿ ಭಜಿ, ಸೂಪು, ಚಿಕನ್ ಲಾಲಿಪಾಪ್, ಬಿರಿಯಾನಿ, ಜಾಮೂನು. ನಮ್ಮ ಅನುಭವಿ ನಾಲಿಗೆಗಳ ತೀರ್ಪು ಹೀಗಿದೆ. ಕರಿದದ್ದು ಚೆನ್ನ, ಅನ್ನದ ಊಟ ಸಾಧಾರಣ. ಭಜಿ ರುಚಿಸುವುದು ಎಣ್ಣೆಯಿಂದೆತ್ತಿದ ಮೊದಲ ಕೆಲವು ನಿಮಿಷ. ಮಾರುವವನು ಹತ್ತು ಬೋಗಿ ನಡೆದು ಬರುವಷ್ಟರಲ್ಲಿ ಮುಚ್ಚಿದ ಡಬ್ಬಿಯ ಹಬೆಯಿಂದಲೇ ಅದು ಮೆತ್ತಗಾಗಿರುತ್ತದೆ. ಆದ್ದರಿಂದ ಪ್ಯಾಂಟ್ರಿಗೆ ಎರಡು ಮೂರು ಬೋಗಿಯೊಳಗೆ ಸೀಟು ಸಿಕ್ಕವರೇ ಪುಣ್ಯವಂತರು. ದೂರ ಸಿಕ್ಕಿದ್ದರೆ ಮಧ್ಯಾಹ್ನ ಮೂರರ ಮೇಲೆ ಎದ್ದು ಹೋಗಿ ಅಲ್ಲೇ ಬಿಸಿ ತಟ್ಟೆ ತೆಗೆದುಕೊಳ್ಳಿ. ಇಡ್ಲಿಯನ್ನು ಮಾತ್ರ ಮಾಟುಂಗದಲ್ಲೇ ತಿಂದು ಬನ್ನಿ. ದರಪಟ್ಟಿ ಕೇಳಿ ನೋಡಿ, ಬಿಲ್ ಕೇಳಿ. ಬಿಲ್ ಕೊಡದಿದ್ದರೆ ಹಣ ಕೊಡಬೇಕಾಗಿಲ್ಲ ಎಂಬುದು ರೈಲ್ವೆಯದೇ ನಿಯಮ. ಜೂನ್ ತಿಂಗಳಲ್ಲಾದರೆ ನಿಲ್ದಾಣಗಳಲ್ಲಿ ನೇರಳೆ, ಹಲಸಿನ ತೊಳೆ ಬರುತ್ತವೆ. ಕೋಕಂ ಶರಬತ್ತು, ಅಂದರೆ ನಮ್ಮ ಪುನರ್ಪುಳಿಯದೇ, ಈ ದಾರಿಯಲ್ಲಿ ಕರಿದ ತಿಂಡಿಯ ಮೇಲೆ ಕುಡಿಯಲು ಅದಕ್ಕಿಂತ ಒಳ್ಳೆಯದಿಲ್ಲ.

ಕೆಡುವುದೇನು? ಮೊದಲನೆಯದು ನೀರು. ಕಿಟಕಿ ತೆರೆದಿಟ್ಟರೆ ಮಳೆ ಒಳಗೆ ಹೊಡೆದು ಕೆಳಗಿನ ಬರ್ತಿನಡಿ ಇಳಿಯುತ್ತದೆ, ಅಲ್ಲಿಟ್ಟ ಚೀಲದ ತಳ ಒದ್ದೆಯಾಗುತ್ತದೆ. ಒಂದು ಮೀಟರ್ ಉದ್ದದ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಚೀಲವಿಡಿ, ಎರಡು ಹಳೆಯ ಹತ್ತಿ ಬಟ್ಟೆ ಕೈಗೆ ಸಿಗುವಂತಿರಲಿ, ಒಂದು ಸೀಟಿಗೆ, ಇನ್ನೊಂದು ಕ್ಯಾಮೆರಾಕ್ಕೆ. ಮಳೆ ಓರೆಯಾಗಿ ಹೊಡೆದಾಗ ಗಾಜಿನ ಕಿಟಕಿ ಅರ್ಧ ಇಳಿಸಿ, ಎದುರು ಸೀಟಿನವರ ಮಗುವೋ ಅಜ್ಜಿಯೋ ನೆನೆಯುತ್ತಿದ್ದಾರೆಯೇ ನೋಡಿ. ಚಿತ್ರ ತೆಗೆಯುವವರು ಫೋಕಸನ್ನು ಕೈಯಿಂದಲೇ ದೂರಕ್ಕೆ ನಿಲ್ಲಿಸಿಕೊಳ್ಳಬೇಕು, ಇಲ್ಲವಾದರೆ ಅದು ಹನಿಯನ್ನೋ ಕಂಬಿಯನ್ನೋ ಹಿಡಿಯುತ್ತದೆ. ಶಟರ್ ಸೆಕೆಂಡಿನ ಸಾವಿರದ ಒಂದಂಶಕ್ಕಿಂತ ನಿಧಾನವಾದರೆ ಹತ್ತಿರದ ಗಿಡಗಳು ಗೀರಾಗುತ್ತವೆ. ಬಾಗಿಲಲ್ಲಿ ನೇತಾಡುವುದಂತೂ ಬೇಡವೇ ಬೇಡ, ಒದ್ದೆ ಮೆಟ್ಟಿಲು, ಒದ್ದೆ ಹಿಡಿಕೆ, ಮತ್ತು ಸುರಂಗದ ಗೋಡೆ ಬಹಳ ಹತ್ತಿರ.

ಎರಡನೆಯದು ಶೌಚಾಲಯ. ಮಧ್ಯಾಹ್ನದವರೆಗೆ ಸರಿ, ಸಂಜೆಗೆ ಇಳಿಮುಖ. ರೈಲ್ ಮದದ್ ಆ್ಯಪ್‌ನಲ್ಲಿ ಪಿಎನ್‌ಆರ್ ಮತ್ತು ಬೋಗಿ ಸಂಖ್ಯೆ ಕೊಟ್ಟು ದೂರು ಬರೆದರೆ ಶುಚಿ ಮಾಡುವ ಸಿಬ್ಬಂದಿಗೆ ಸಂದೇಶ ಹೋಗುತ್ತದೆ. ಬಾಯಿಮಾತಿನ ದೂರಿಗಿಂತ ಇದು ಪರಿಣಾಮಕಾರಿ.

ಮೂರನೆಯದು ಗುಡ್ಡ. 2024ರ ಜುಲೈಯಲ್ಲಿ ಒಂದೇ ವಾರದೊಳಗೆ ಎರಡು ಸಲ ದಾರಿ ಮುಚ್ಚಿತು: ಮೊದಲು ಗೋವಾದ ಪೇಡಣೆಯ ಸುರಂಗದೊಳಗೆ ನೀರೂ ಕೆಸರೂ ಉಕ್ಕಿ, ಆಮೇಲೆ ಖೇಡ್‌ನ ಬಳಿ ದಿವಾಣ್‌ಖವಟಿಯಲ್ಲಿ ಗುಡ್ಡ ಕುಸಿದು. ಪೇಡಣೆ ಸುರಂಗ 2020ರ ಆಗಸ್ಟಿನಲ್ಲೂ ಗೋಡೆ ಕುಸಿದು ದಿನಗಟ್ಟಲೆ ತೊಂದರೆ ಕೊಟ್ಟಿತ್ತು. ಇಂಥ ಹೊತ್ತಿನಲ್ಲಿ ದೂರದ ರೈಲುಗಳನ್ನು ಪನ್ವೇಲ್, ಪುಣೆ, ಮಿರಜ್, ಲೋಂಡಾ ಮೂಲಕ ಮಡಗಾಂವಿಗೆ ತಿರುಗಿಸುತ್ತಾರೆ, ಹಲವನ್ನು ರದ್ದು ಮಾಡುತ್ತಾರೆ. ನೀವು ಹತ್ತುವ ನಿಲ್ದಾಣದಲ್ಲಿ ಬಂಡಿ ಮೂರು ಗಂಟೆಗಿಂತ ಹೆಚ್ಚು ತಡವಾಗಿ ಹೊರಡುವಂತಿದ್ದು, ಪ್ರಯಾಣ ಬೇಡವೆನಿಸಿದರೆ, ಅದು ಹೊರಡುವ ಮೊದಲೇ ಟಿಡಿಆರ್ (ಹಣ ವಾಪಸು ಕೇಳುವ ಅರ್ಜಿ) ಹಾಕಿ. ಪೂರ್ತಿ ಹಣ ವಾಪಸು ಬರುತ್ತದೆ. ಬಂಡಿ ಹೊರಟ ಮೇಲೆ ಹಾಕಿದರೆ ಬರುವುದಿಲ್ಲ. ಮುಂಬೈಯಲ್ಲೇ ಜೋರು ಮಳೆ ಮತ್ತು ಸಮುದ್ರದ ಭರತ ಒಟ್ಟಿಗೆ ಬಂದ ದಿನ ಶೀವ್, ಕುರ್ಲಾದ ತಗ್ಗಿನಲ್ಲಿ ಹಳಿ ಮುಳುಗುತ್ತದೆ. ಅಂಥ ದಿನ ಸಿಎಸ್‌ಎಂಟಿಯವರೆಗೆ ಹೋಗಲಾಗದೆ ಒದ್ದಾಡುವವರು ಡೊಂಬಿವಲಿ, ಕಲ್ಯಾಣ, ನವಿ ಮುಂಬೈ ಕಡೆಯವರೇ. ಟಿಕೆಟ್ ತೆಗೆಯುವಾಗಲೇ ಹತ್ತುವ ನಿಲ್ದಾಣ ಥಾಣೆ ಅಥವಾ ಪನ್ವೇಲ್ ಎಂದು ಕೊಟ್ಟರೆ ಈ ತೊಂದರೆ ತಪ್ಪುತ್ತದೆ.

ಟಿಕೆಟ್ ಸಿಗುವುದು ಪ್ರಯಾಣದ ದಿನಕ್ಕೆ 60 ದಿನ ಮೊದಲು. 2024ರ ನವೆಂಬರ್‌ಗೆ ಮುಂಚೆ ಇದು 120 ಆಗಿತ್ತು, ಹಳೆಯ ಲೆಕ್ಕ ಇಟ್ಟುಕೊಂಡವರು ತಿದ್ದಿಕೊಳ್ಳಿ. ತತ್ಕಾಲ್ ಹಿಂದಿನ ದಿನ, ಎಸಿಗೆ 10 ಗಂಟೆ, ಸ್ಲೀಪರ್‌ಗೆ 11. 2025ರ ಜುಲೈಯಿಂದ ಆನ್‌ಲೈನ್ ತತ್ಕಾಲಿಗೆ ಆಧಾರ್ ಜೋಡಿಸಿದ ಖಾತೆ ಬೇಕು, ಅದನ್ನು ಹಿಂದಿನ ವಾರವೇ ಮಾಡಿಟ್ಟುಕೊಳ್ಳಿ.

ಯಾವ ಮಳೆಗೆ ಹೋಗುವುದು? ಮೃಗಶಿರೆಯಲ್ಲಿ ಗುಡ್ಡ ಇನ್ನೂ ಕಂದು, ಜಲಪಾತಕ್ಕೆ ಜೀವ ಬಂದಿರುವುದಿಲ್ಲ. ಆರಿದ್ರೆಯಿಂದ ಹಸಿರು ಏರುತ್ತದೆ, ಪುನರ್ವಸು, ಪುಷ್ಯದಲ್ಲಿ ನೀರು ಅತಿ ಹೆಚ್ಚು, ದಾರಿ ಮುಚ್ಚುವ ಭಯವೂ ಆಗಲೇ ಹೆಚ್ಚು. ಆಶ್ಲೇಷ ನಮ್ಮ ಆಯ್ಕೆ, ಅಂದರೆ ಆಗಸ್ಟಿನ ಮೊದಲ ಎರಡು ವಾರ: ತೊರೆಗಳು ತುಂಬಿರುತ್ತವೆ, ನಡುನಡುವೆ ಬಿಸಿಲು ಇಣುಕುತ್ತದೆ, ನಾಟಿ ಮುಗಿದ ಗದ್ದೆ ಒಂದೇ ಮಟ್ಟದ ಹಸಿರು. ಚೌತಿಯ ಹಿಂದಿನ ವಾರ ಮಾತ್ರ ಬೇಡ. ಇಡೀ ಮುಂಬೈಯ ಕೊಂಕಣಿಗರು ಗಣಪತಿಗೆ ಊರಿಗೆ ಹೊರಟಿರುತ್ತಾರೆ, ಕಾಯ್ದಿರಿಸಿದ ಸ್ಲೀಪರ್‌ನಲ್ಲೂ ಕಾಲಿಡಲು ಜಾಗವಿರುವುದಿಲ್ಲ. ಅದು ಅವರ ಹಬ್ಬದ ಬಂಡಿ, ಆ ವಾರದ ಕಿಟಕಿಗಳು ಅವರಿಗೇ ಇರಲಿ.